ಕಾಡುದಾರಿಯ ಬಿಡುವು: ಮುಚ್ಚುವ ಅಧಿಕಾರ, ತೆರೆಯುವ ಹೊಣೆ

(ಮಳವಳ್ಳಿಯಲ್ಲಿ ಕಾಡಂಚಿನ ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ತಾತ್ಕಾಲಿಕವಾಗಿ ಮುಚ್ಚುವುದು ಎಂದರೇನು ಎಂಬುದನ್ನು ಮಳವಳ್ಳಿ ಸೀಮೆಯ ರೈತರಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದಲ್ಲಿ ಬದುಕುವ ಈ ತಾಲ್ಲೂಕಿನ ಜನರಿಗೆ ನಾಲೆಯ ದುರಸ್ತಿಗಾಗಿ ನೀರು ನಿಲ್ಲಿಸುವುದರ ಅರ್ಥ ಚೆನ್ನಾಗಿ ಗೊತ್ತು. ಏರಿ ಕುಸಿದಿದ್ದರೆ, ತೂಬು ಸೋರುತ್ತಿದ್ದರೆ, ಹೂಳು ತುಂಬಿದ್ದರೆ ನೀರು ಹರಿಯುತ್ತಿರುವಾಗ ಕೆಲಸ ಮಾಡಲಾಗದು. ನಾಲೆ ಒಣಗಲೇಬೇಕು. ಅದನ್ನು ಯಾವ ರೈತನೂ ಅಲ್ಲಗಳೆಯುವುದಿಲ್ಲ. ರೈತ ಕೇಳುವುದು ಮೂರೇ ಪ್ರಶ್ನೆ: ಯಾವಾಗ ನಿಲ್ಲಿಸುತ್ತೀರಿ, ಯಾವಾಗ ಬಿಡುತ್ತೀರಿ, ಆ ನಡುವೆ ನಿಜವಾಗಿಯೂ ಕೆಲಸ ನಡೆಯುತ್ತದೆಯೆ? ಈ ಮೂರಕ್ಕೂ ಮೊದಲೇ ಉತ್ತರ ಸಿಕ್ಕಿದರೆ ಅವನು ಭತ್ತದ ಬದಲು ರಾಗಿಯನ್ನೋ ಹುರುಳಿಯನ್ನೋ ಹಾಕಿ ಹೊಂದಿಕೊಳ್ಳುತ್ತಾನೆ. ಉತ್ತರ ಸಿಗದಿದ್ದಾಗ ಬೀದಿಗೆ ಇಳಿಯುತ್ತಾನೆ.

ಕಾಡಿನ ಕಾಲುದಾರಿಗಳನ್ನು ದುರಸ್ತಿಗಾಗಿ ಮುಚ್ಚುವ ಪ್ರಶ್ನೆಯನ್ನೂ ಇದೇ ಅನುಭವದ ಬೆಳಕಿನಲ್ಲಿ ನೋಡಬೇಕಾಗಿದೆ. ಕಾಲುದಾರಿಯೂ ಒಂದು ಬಗೆಯ ನಾಲೆಯೇ. ಅದರಲ್ಲಿ ಬೇಸಗೆಯಲ್ಲಿ ಜನ ಹರಿಯುತ್ತಾರೆ, ಮಳೆಗಾಲದಲ್ಲಿ ನೀರು ಹರಿಯುತ್ತದೆ. ಎರಡನ್ನೂ ತಡೆದುಕೊಳ್ಳುವಂತೆ ಅದನ್ನು ಯಾರೂ ಕಟ್ಟಿರುವುದಿಲ್ಲ. ಅದು ತಾನಾಗಿ ಆದದ್ದು, ಹಾಗೆಯೇ ತಾನಾಗಿ ಹಾಳಾಗುತ್ತ ಹೋಗುತ್ತದೆ.

ಮಳವಳ್ಳಿಯ ಕಾಡು, ಮಳವಳ್ಳಿಯ ದಾರಿಗಳು

ಹಲಗೂರಿನಿಂದ ಮುತ್ತತ್ತಿಯ ಕಡೆಗೆ ಹೊರಟವರು ಕೆಲವೇ ಮೈಲಿಗಳಲ್ಲಿ ಬಯಲುಸೀಮೆಯ ಹೊಲಗಳನ್ನು ಬಿಟ್ಟು ಕುರುಚಲು ಕಾಡಿನ ಬೆಟ್ಟಗಳ ನಡುವೆ ಇಳಿಯುತ್ತಾರೆ. ಕಾವೇರಿ ವನ್ಯಜೀವಿಧಾಮ ಆರಂಭವಾಗುವುದು ಇಲ್ಲೇ. 1987ರಲ್ಲಿ ಸುಮಾರು 510 ಚದರ ಕಿಲೋಮೀಟರ್ ವಿಸ್ತೀರ್ಣದಲ್ಲಿ ಘೋಷಣೆಯಾದ ಈ ಧಾಮ ಕಳೆದ ದಶಕದ ವಿಸ್ತರಣೆಯ ನಂತರ ಸಾವಿರ ಚದರ ಕಿಲೋಮೀಟರಿಗೂ ಮೀರಿ ಮಂಡ್ಯ, ರಾಮನಗರ ಮತ್ತು ಚಾಮರಾಜನಗರ ಸೀಮೆಗಳಲ್ಲಿ ಹರಡಿಕೊಂಡಿದೆ. ಬೆಟ್ಟದ ಮೇಲೆ ಎಲೆಯುದುರುವ ಒಣಕಾಡು, ಹೊಳೆಯ ದಂಡೆಯಲ್ಲಿ ಹೊಳೆಮತ್ತಿಯ ಮಹಾವೃಕ್ಷಗಳು, ಆ ಮರಗಳ ನೆತ್ತಿಯಲ್ಲಿ ಅಪರೂಪದ ಬೂದು ಬಣ್ಣದ ದೊಡ್ಡ ಅಳಿಲು, ನೀರಿನಲ್ಲಿ ನೀರುನಾಯಿ, ಮೊಸಳೆ ಮತ್ತು ಅಳಿವಿನ ಅಂಚಿಗೆ ಬಂದಿರುವ ಮಹಸೀರ್ ಮೀನು, ಬೇಸಗೆಯಲ್ಲಿ ನೀರನ್ನರಸಿ ಇಳಿದುಬರುವ ಆನೆಯ ಹಿಂಡು: ಇಷ್ಟೂ ಈ ಕಾಡಿನ ಸಂಸಾರ.

ಇದು ದೇವರ ತಾಣವೂ ಹೌದು. ಸೀತಾಮಾತೆಯ ಮೂಗುತಿಯ ಮುತ್ತು ಹೊಳೆಗೆ ಬಿದ್ದಾಗ ಆಂಜನೇಯನು ಬಾಲದಿಂದ ತಡಕಿ ತೆಗೆದುಕೊಟ್ಟ ಸ್ಥಳವೆಂಬ ಐತಿಹ್ಯದಿಂದ ಮುತ್ತತ್ತಿಗೆ ಆ ಹೆಸರು ಬಂದಿದೆ. ವರನಟ ರಾಜ್‌ಕುಮಾರ್ ಅವರ ಹುಟ್ಟುಹೆಸರಾದ ಮುತ್ತುರಾಜು ಎಂಬುದು ಈ ಮುತ್ತತ್ತಿರಾಯನಿಂದಲೇ ಬಂದುದು. ತಾಲ್ಲೂಕಿನ ಇನ್ನೊಂದು ಅಂಚಿನಲ್ಲಿ ಶಿವನಸಮುದ್ರದ ಗಗನಚುಕ್ಕಿ ಇದೆ. ಅದರ ಜೋಡಿಯಾದ ಭರಚುಕ್ಕಿ ಚಾಮರಾಜನಗರ ಜಿಲ್ಲೆಗೆ ಸೇರಿದೆ. 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದದ್ದು ಈ ಶಿವನಸಮುದ್ರದಿಂದ. ಹೀಗಾಗಿ ಭಕ್ತರು, ಪ್ರವಾಸಿಗರು, ದನಗಾಹಿಗಳು, ಜೇನು ಮತ್ತು ಸೀಗೆ ಸಂಗ್ರಹಿಸುವವರು, ಅರಣ್ಯದ ಕಾವಲುಗಾರರು, ಆನೆಗಳು ಎಲ್ಲರೂ ತುಳಿಯುವ ದಾರಿಗಳು ಇಲ್ಲಿ ಒಂದರೊಳಗೊಂದು ಹೆಣೆದುಕೊಂಡಿವೆ. ಇಂಥ ದಾರಿಯನ್ನು ಮುಚ್ಚುವಾಗ ಯಾರ ದಾರಿಯನ್ನು ಮುಚ್ಚಲಾಗುತ್ತಿದೆ ಎಂಬ ಪ್ರಶ್ನೆಯನ್ನು ಮೊದಲು ಕೇಳಬೇಕಾಗುತ್ತದೆ.

ಪಾದಗಳು ಮಣ್ಣಿಗೆ ಮಾಡುವುದೇನು?

ಆರೋಗ್ಯವಂತ ಕಾಡಿನ ಮೇಲ್ಮಣ್ಣಿನ ಗಾತ್ರದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಣ್ಣೇ ಅಲ್ಲ, ಟೊಳ್ಳು ಜಾಗ. ಎರೆಹುಳು ಕೊರೆದ ಬಿಲ, ಸತ್ತ ಬೇರು ಬಿಟ್ಟುಹೋದ ರಂಧ್ರ, ಕಣಕಣಗಳ ನಡುವಿನ ಸಂದು, ಇವುಗಳ ಮೂಲಕವೇ ಗಾಳಿ ಆಡುತ್ತದೆ, ಮಳೆನೀರು ಇಳಿಯುತ್ತದೆ. ಮೇಲೆ ತರಗೆಲೆಯ ಹೊದಿಕೆ ಇರುವುದರಿಂದ ಮಳೆಹನಿ ನೇರವಾಗಿ ಮಣ್ಣಿಗೆ ಬಡಿಯುವುದಿಲ್ಲ.

ಒಂದೇ ಜಾಡಿನಲ್ಲಿ ಮತ್ತೆ ಮತ್ತೆ ಪಾದಗಳು ಬಿದ್ದಾಗ ಮೊದಲು ತರಗೆಲೆ ಪುಡಿಯಾಗಿ ಹೋಗುತ್ತದೆ. ಅನಂತರ ಹುಲ್ಲು ಸಾಯುತ್ತದೆ. ಆಮೇಲೆ ಟೊಳ್ಳುಗಳು ಮುಚ್ಚಿಕೊಂಡು ಮಣ್ಣು ಗಟ್ಟಿಯಾಗುತ್ತದೆ. ರೈತರು ಇದನ್ನು ಬೇರೆ ರೂಪದಲ್ಲಿ ಬಲ್ಲರು. ಒಂದೇ ಆಳಕ್ಕೆ ವರ್ಷಗಟ್ಟಲೆ ಉತ್ತ ಹೊಲದಲ್ಲಿ ನೇಗಿಲ ಕೆಳಗೆ ಗಟ್ಟಿಪದರ ಕಟ್ಟಿಕೊಳ್ಳುವಂತೆ ದಾರಿಯಲ್ಲಿ ಆ ಗಟ್ಟಿಪದರ ನೆಲದ ಮೇಲೇ ಕಟ್ಟಿಕೊಳ್ಳುತ್ತದೆ. ಅಲ್ಲಿ ನೀರು ಇಂಗುವುದಿಲ್ಲ, ಹರಿಯುತ್ತದೆ.

ಎಷ್ಟು ಹರಿಯುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಒಂದು ಮೀಟರ್ ಅಗಲ, ನೂರು ಮೀಟರ್ ಉದ್ದದ ಇಳಿಜಾರು ದಾರಿಯ ಮೇಲೆ ಒಂದು ಸಂಜೆ 50 ಮಿಲಿಮೀಟರ್ ಮಳೆ ಸುರಿದರೆ ಆ ದಾರಿಯೊಂದರ ಮೇಲೇ ಬಿದ್ದ ನೀರು 5,000 ಲೀಟರ್. ಅಕ್ಕಪಕ್ಕದ ಇಳಿಜಾರಿನಿಂದ ಬಂದು ಸೇರುವುದು ಬೇರೆ. ತಡೆಯಿಲ್ಲದಿದ್ದರೆ ಈ ನೀರು ಮೇಲಿನಿಂದ ಕೆಳಗಿನವರೆಗೆ ಸೇರುತ್ತ, ವೇಗ ಹೆಚ್ಚಿಸಿಕೊಳ್ಳುತ್ತ ಬರುತ್ತದೆ. ನೀರಿನ ವೇಗ ಇಮ್ಮಡಿಯಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕ ಸುಮಾರು 64 ಪಟ್ಟು ಹೆಚ್ಚುತ್ತದೆ ಎಂಬುದು ಜಲವಿಜ್ಞಾನದ ಹಳೆಯ ಸೂತ್ರ. ಮೇಲ್ಭಾಗದಲ್ಲಿ ಮರಳನ್ನು ತಳ್ಳುತ್ತಿದ್ದ ನೀರು ಕೆಳಭಾಗದಲ್ಲಿ ಗುಂಡುಕಲ್ಲನ್ನೇ ಹೊತ್ತೊಯ್ಯುವುದು ಹೀಗೆ. ಹತ್ತು ಮೀಟರಿಗೊಂದರಂತೆ ಅಡ್ಡಗಾಲುವೆ ಇದ್ದರೆ ಅದೇ ಮಳೆಯಲ್ಲಿ ದಾರಿಯ ಮೇಲೆ ಬಿದ್ದ ನೀರಿನಲ್ಲಿ ಒಂದೊಂದು ಕಾಲುವೆಯ ಪಾಲಿಗೆ ಬರುವುದು 500 ಲೀಟರ್ ಮಾತ್ರ, ಅದೂ ವೇಗ ಹಿಡಿಯುವ ಮೊದಲೇ. ದುರಸ್ತಿ ಎಂಬುದರ ಸಾರವೆಲ್ಲ ಈ ಒಂದು ಲೆಕ್ಕದಲ್ಲಿದೆ.

ದಾರಿಯಲ್ಲಿ ಕೊರಕಲು ಬಿದ್ದಾಗ ನಡೆಯುವವರು ಏನು ಮಾಡುತ್ತಾರೆ? ಪಕ್ಕದ ಹುಲ್ಲಿನ ಮೇಲೆ ನಡೆಯುತ್ತಾರೆ. ಅಲ್ಲೊಂದು ಹೊಸ ಜಾಡು ಮೂಡುತ್ತದೆ. ಅದೂ ಕೊರೆದಾಗ ಮತ್ತೊಂದು. ಬಳಸು ದಾರಿ ಬೇಡವೆಂದು ನೇರ ಇಳಿಯುವವರಿಂದ ಒಳದಾರಿಗಳು ಹುಟ್ಟುತ್ತವೆ. ಒಂದು ಕಿಲೋಮೀಟರ್ ಉದ್ದ, ಒಂದು ಮೀಟರ್ ಅಗಲದ ದಾರಿ ಹತ್ತು ಸೆಂಟಿಮೀಟರ್ ಆಳ ಕೊಚ್ಚಿಹೋಯಿತೆಂದರೆ ನೂರು ಘನ ಮೀಟರ್ ಮಣ್ಣು ಹೋಯಿತೆಂದು ಅರ್ಥ. ಟ್ರ್ಯಾಕ್ಟರ್ ಟ್ರೈಲರೊಂದು ಮೂರು ಘನ ಮೀಟರ್ ಹಿಡಿಯುವುದೆಂದುಕೊಂಡರೆ ಅದು ಮೂವತ್ತಮೂರು ಲೋಡು. ಆ ಮಣ್ಣು ಕೆಳಗಿನ ಕಟ್ಟೆಯ, ಕೆರೆಯ ಇಲ್ಲವೇ ಹೊಲದ ಪಾಲಾಗುತ್ತದೆ. ಒಂದು ಸೆಂಟಿಮೀಟರ್ ಮಣ್ಣು ಹುಟ್ಟಲು ನೂರಾರು ವರ್ಷಗಳು ಬೇಕು. ಹೀಗಾಗಿ ದಾರಿಯ ಸವೆತ ಚಾರಣಿಗರ ಕಾಲುಳುಕಿನ ಪ್ರಶ್ನೆಯಾಗಿ ಉಳಿಯದೆ ಕೆಳಗಿನ ರೈತನ ಪ್ರಶ್ನೆಯೂ ಆಗುತ್ತದೆ.

ಇನ್ನೊಂದು ಹಾನಿ ಕಣ್ಣಿಗೆ ಬೇಗ ಕಾಣುವುದಿಲ್ಲ. ಕದಡಿದ ಮಣ್ಣು, ತೆರೆದ ಬಿಸಿಲು, ಪಾದರಕ್ಷೆ ಮತ್ತು ವಾಹನದ ಚಕ್ರಗಳಿಗೆ ಅಂಟಿಬಂದ ಬೀಜ, ಈ ಮೂರೂ ಸೇರಿದಲ್ಲಿ ಪಾರ್ಥೇನಿಯಂ ಬೇರೂರುತ್ತದೆ. ಲಂಟಾನ, ಯುಪಟೋರಿಯಂಗಳು ದಾರಿಯ ಅಂಚು ಹಿಡಿದು ಒಳಕಾಡಿಗೆ ಸಾಗುತ್ತವೆ. ಕಳೆಗಳ ಪಾಲಿಗೆ ಕಾಲುದಾರಿ ಹೆದ್ದಾರಿಯೇ ಸರಿ.

ಮಲೆನಾಡಿನ ಪಂಚಾಂಗ ಮಳವಳ್ಳಿಗೆ ಹೊಂದದು

ಪಶ್ಚಿಮ ಘಟ್ಟದ ದಾರಿಗಳನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಚ್ಚುವುದು ಸಹಜವೆನಿಸುತ್ತದೆ. ಆಗುಂಬೆಯಂಥ ಕಡೆ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ಆ ನಾಲ್ಕು ತಿಂಗಳಲ್ಲೇ. ಮಳವಳ್ಳಿಯ ಮಳೆ ಅದರ ಹತ್ತನೆಯ ಒಂದು ಭಾಗದ ಆಸುಪಾಸು. ಹಾಗೆಂದು ಇಲ್ಲಿ ಸವೆತದ ಭಯ ಹತ್ತನೆಯ ಒಂದು ಭಾಗವೆಂದು ತಿಳಿದರೆ ಅದು ತಪ್ಪು. ಇಲ್ಲಿಯ ಮಳೆ ಜಡಿಮಳೆಯಲ್ಲ, ಗುಡುಗುಮಳೆ. ಏಪ್ರಿಲ್-ಮೇ ತಿಂಗಳ ಮುಂಗಾರುಪೂರ್ವ ಮಳೆ ಒಮ್ಮೆ, ಸೆಪ್ಟೆಂಬರ್-ಅಕ್ಟೋಬರ್ ತಿಂಗಳ ಮಳೆ ಮತ್ತೊಮ್ಮೆ, ಹೀಗೆ ಎರಡು ಬಾರಿ ಅಬ್ಬರಿಸುತ್ತದೆ. ಬೇಸಗೆಯ ಮಳೆ ಬೀಳುವ ಹೊತ್ತಿಗೆ ಕಾಡು ಎಲೆಯುದುರಿಸಿ ಬೆತ್ತಲಾಗಿರುತ್ತದೆ. ಬೆಂಕಿ ಬಿದ್ದಿದ್ದರೆ ನೆಲದ ತರಗೆಲೆಯೂ ಬೂದಿಯಾಗಿರುತ್ತದೆ. ಕೆಂಪು ಮರಳುಮಿಶ್ರಿತ ಮಣ್ಣು ಹನಿಯ ಹೊಡೆತಕ್ಕೆ ನೇರವಾಗಿ ಮೈಯೊಡ್ಡುತ್ತದೆ. ಆದುದರಿಂದ ದಾರಿ ಮುಚ್ಚುವ ತಿಂಗಳನ್ನು ರಾಜ್ಯಕ್ಕೆಲ್ಲ ಒಂದೇ ಸುತ್ತೋಲೆಯಿಂದ ನಿರ್ಧರಿಸುವುದು ಅವೈಜ್ಞಾನಿಕ. ಮಲೆನಾಡಿನ ದಾರಿಗೆ ಮಲೆನಾಡಿನ ಮಳೆನಕ್ಷತ್ರ, ಮಳವಳ್ಳಿಯ ದಾರಿಗೆ ಮಳವಳ್ಳಿಯ ಮಳೆನಕ್ಷತ್ರ.

ಹಾಗಾದರೆ ಇಲ್ಲಿ ದುರಸ್ತಿಗೆ ಸೂಕ್ತ ಕಾಲ ಯಾವುದು? ಫೆಬ್ರವರಿಯಿಂದ ಮೇವರೆಗೆ ಕಾಳ್ಗಿಚ್ಚಿನ ಕಾಲ. ಆನೆಗಳು ಹೊಳೆಯ ದಂಡೆ ಸೇರುವ ಕಾಲವೂ ಅದೇ. ಆಗ ಹೊಳೆದಾರಿಯಲ್ಲಿ ಆಳುಗಳನ್ನು ಇಳಿಸುವುದು ಅಪಾಯ. ನೆಲ ಕಲ್ಲಿನಂತೆ ಗಟ್ಟಿಯಾಗಿರುವುದರಿಂದ ಹಾರೆಯೂ ಇಳಿಯದು. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಕೆಸರು. ಉಳಿಯುವುದು ನವೆಂಬರ್‌ನಿಂದ ಜನವರಿ ಮಧ್ಯದವರೆಗಿನ ಎರಡು-ಎರಡೂವರೆ ತಿಂಗಳು. ಆಗ ಮಣ್ಣಿನಲ್ಲಿ ಹದವಿರುತ್ತದೆ, ಕಾಡಿನೊಳಗೆ ಅಲ್ಲಲ್ಲಿ ನೀರಿರುವುದರಿಂದ ಆನೆಗಳು ಚದುರಿರುತ್ತವೆ, ಬೆಂಕಿಯ ಭಯ ಇನ್ನೂ ಆರಂಭವಾಗಿರುವುದಿಲ್ಲ.

ಆದರೆ ಇಲ್ಲಿಯೇ ಇರುವುದು ನಿಜವಾದ ತೊಡಕು. ಅದೇ ಎರಡು ತಿಂಗಳು ಪ್ರವಾಸಿಗರ ಸುಗ್ಗಿ. ಶಾಲಾ ಪ್ರವಾಸ, ವರ್ಷದ ಕೊನೆಯ ರಜೆ, ಸಂಕ್ರಾಂತಿ ಎಲ್ಲವೂ ಆಗಲೇ. ಎಳನೀರು ಮಾರುವವರು, ಮೀನು ಹುರಿದು ಕೊಡುವವರು, ತೆಪ್ಪ ನಡೆಸುವವರು, ಆಟೋ ಓಡಿಸುವವರು ವರ್ಷದ ಗಳಿಕೆಯ ದೊಡ್ಡ ಪಾಲನ್ನು ಕಾಣುವುದು ಆ ದಿನಗಳಲ್ಲಿ. ಮಣ್ಣಿಗೆ ಒಳ್ಳೆಯದಾದ ತಿಂಗಳು ಇವರ ಹೊಟ್ಟೆಗೆ ಕೆಟ್ಟದು. ಈ ವಿರೋಧವನ್ನು ಮರೆಮಾಚಿ ಪರಿಸರದ ಮಾತನಾಡುವುದು ಪ್ರಾಮಾಣಿಕತೆಯಲ್ಲ.

ಬೇರೆಡೆಯ ಅನುಭವಗಳು

2021ರ ಆಗಸ್ಟ್ 24ರ ರಾತ್ರಿ ಸುರಿದ ಭಾರಿ ಮಳೆಗೆ ನಂದಿಬೆಟ್ಟದ ರಸ್ತೆ ಕುಸಿದು ಕೊಚ್ಚಿಹೋಯಿತು. ಬೆಟ್ಟ ಪ್ರವಾಸಿಗರಿಗೆ ಮತ್ತೆ ತೆರೆದದ್ದು ಆ ವರ್ಷದ ಡಿಸೆಂಬರ್ 1ರಂದು. ಮೂರು ತಿಂಗಳಿಗೂ ಹೆಚ್ಚು ಕಾಲ ಅಲ್ಲಿಯ ವ್ಯಾಪಾರಿಗಳಿಗೆ ದುಡಿಮೆಯಿಲ್ಲ. ಅದೇ ಬೆಟ್ಟದಲ್ಲಿ 2025ರ ಮಾರ್ಚ್ 24ರಿಂದ ರಸ್ತೆ ದುರಸ್ತಿಗಾಗಿ ಸುಮಾರು ಒಂದು ತಿಂಗಳ ಮಟ್ಟಿಗೆ ವಾರದ ದಿನಗಳಲ್ಲಿ ಮಾತ್ರ ಪ್ರವೇಶ ನಿರ್ಬಂಧಿಸಿ, ವಾರಾಂತ್ಯದಲ್ಲಿ ತೆರೆಯುವ ಕ್ರಮ ಕೈಗೊಳ್ಳಲಾಯಿತು. ಮೊದಲನೆಯದು ಬೆಟ್ಟ ತಾನಾಗಿ ಹಾಕಿಕೊಂಡ ಬೀಗ. ಎರಡನೆಯದು ಮುಂಚಿತವಾಗಿ ತಿಳಿಸಿ, ವ್ಯಾಪಾರದ ದಿನಗಳನ್ನು ಉಳಿಸಿ ಹಾಕಿದ ಬೀಗ. ಯೋಚಿಸಿ ಮುಚ್ಚದಿದ್ದರೆ ಯೋಚಿಸದೆ ಮುಚ್ಚಬೇಕಾಗುತ್ತದೆ ಎಂಬ ಪಾಠಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

2024ರ ಜನವರಿ ಕೊನೆಯ ರಜಾದಿನಗಳಲ್ಲಿ ಪುಷ್ಪಗಿರಿ ವನ್ಯಜೀವಿಧಾಮದ ಕುಮಾರಪರ್ವತಕ್ಕೆ ಸಾವಿರಾರು ಚಾರಣಿಗರು ಒಮ್ಮೆಲೇ ಮುಗಿಬಿದ್ದರು. ಅದರ ಬೆನ್ನಲ್ಲೇ ಮುಂಗಡ ನೋಂದಣಿಯ ವ್ಯವಸ್ಥೆ ಇಲ್ಲದ ಚಾರಣದಾರಿಗಳನ್ನು ರಾಜ್ಯ ಸರ್ಕಾರ ತಾತ್ಕಾಲಿಕವಾಗಿ ಮುಚ್ಚಿತು. ಒಂದು ದಾರಿಗೆ ದಿನಕ್ಕೆ 300 ಮಂದಿಯ ಮಿತಿ ಮತ್ತು ಆನ್‌ಲೈನ್ ನೋಂದಣಿಯ ಪದ್ಧತಿ ಅನಂತರ ಬಂದವು. ಜನದಟ್ಟಣೆಗೆ ಮಿತಿ ಹಾಕಿದ್ದು ಸ್ವಾಗತಾರ್ಹವೇ. ಆದರೆ ಸಂಖ್ಯೆಯ ಮಿತಿಯೊಂದೇ ಹಳೆಯ ಗಾಯವನ್ನು ಮಾಯಿಸುವುದಿಲ್ಲ. ಕೊರಕಲು ಬಿದ್ದ ದಾರಿಯಲ್ಲಿ ಮೂರು ಸಾವಿರದ ಬದಲು ಮುನ್ನೂರು ಜನ ನಡೆದರೂ ಮಳೆನೀರು ಅದೇ ಕೊರಕಲಿನಲ್ಲಿ ಹರಿಯುತ್ತದೆ.

ಮುಚ್ಚುವುದು ಜೀವರಕ್ಷಣೆಯ ಪ್ರಶ್ನೆಯಾಗುವುದೂ ಉಂಟು. 2018ರ ಮಾರ್ಚ್ 11ರಂದು ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಕಾಳ್ಗಿಚ್ಚಿಗೆ ಸಿಲುಕಿ ಇಪ್ಪತ್ತಕ್ಕೂ ಹೆಚ್ಚು ಚಾರಣಿಗರು ಪ್ರಾಣ ಕಳೆದುಕೊಂಡರು. ಬೆಂಕಿಯ ಕಾಲದಲ್ಲಿ ಒಣಹುಲ್ಲಿನ ಬೆಟ್ಟದ ದಾರಿಯನ್ನು ತೆರೆದಿಡುವುದರ ಬೆಲೆ ಎಷ್ಟೆಂಬುದನ್ನು ಆ ದುರಂತ ತೋರಿಸಿತು. ಮುತ್ತತ್ತಿಯ ಹೊಳೆಯ ಸುಳಿಗಳಲ್ಲಿ ಮುಳುಗಿದವರ ಸುದ್ದಿ ಈ ತಾಲ್ಲೂಕಿಗೆ ಹೊಸತಲ್ಲ. ದಂಡೆಯ ಮೆಟ್ಟಿಲು, ಎಚ್ಚರಿಕೆಯ ಫಲಕ, ತಡೆಬೇಲಿಗಳ ದುರಸ್ತಿ ಅಲ್ಲಿ ಪ್ರಾಣದ ವಿಷಯ. ಶಿವನಸಮುದ್ರದ ಹಳೆಯ ವೆಲ್ಲೆಸ್ಲಿ ಸೇತುವೆ ಸುಮಾರು ಎರಡು ಶತಮಾನ ನಿಂತು 2018ರ ಪ್ರವಾಹದಲ್ಲಿ ಹಾನಿಗೊಂಡದ್ದನ್ನು ಇಲ್ಲಿರುವ ಅನೇಕರು ಕಣ್ಣಾರೆ ಕಂಡಿದ್ದಾರೆ.

ಹೊರದೇಶಗಳಲ್ಲಿ ಈ ವಿಚಾರ ಒಂದು ಶಿಸ್ತಾಗಿಯೇ ಬೆಳೆದಿದೆ. ಪೆರು ದೇಶದ ಪ್ರಸಿದ್ಧ ಇಂಕಾ ದಾರಿ ಪ್ರತಿ ಫೆಬ್ರವರಿ ತಿಂಗಳಿಡೀ ದುರಸ್ತಿಗಾಗಿ ಮುಚ್ಚಿರುತ್ತದೆ. ಉಳಿದ ತಿಂಗಳುಗಳಲ್ಲಿಯೂ ಮಾರ್ಗದರ್ಶಿಗಳು, ಹೊರೆಯಾಳುಗಳು ಸೇರಿ ದಿನಕ್ಕೆ 500 ಮಂದಿಗಷ್ಟೇ ಅವಕಾಶ. ಅಟ್ಲಾಂಟಿಕ್ ಸಾಗರದ ಪುಟ್ಟ ಫೆರೋ ದ್ವೀಪಗಳು 2019ರ ಏಪ್ರಿಲ್‌ನ ಒಂದು ವಾರಾಂತ್ಯ ತಮ್ಮ ಹತ್ತು ಪ್ರವಾಸಿ ತಾಣಗಳನ್ನು ಮುಚ್ಚಿದವು. ಹೊರಗಿನಿಂದ ನೂರು ಮಂದಿ ಸ್ವಯಂಸೇವಕರನ್ನು ಕರೆಸಿ, ಅವರಿಗೆ ಊಟ-ವಸತಿ ಕೊಟ್ಟು, ಊರವರ ಜೊತೆ ಕಲ್ಲು ಹೊರಿಸಿ ದಾರಿ ಸರಿಪಡಿಸಿಕೊಂಡವು. ಥಾಯ್ಲೆಂಡಿನ ಮಾಯಾ ಕೊಲ್ಲಿಯನ್ನು 2018ರ ಜೂನ್‌ನಲ್ಲಿ ಕೆಲವು ತಿಂಗಳ ಮಟ್ಟಿಗೆಂದು ಮುಚ್ಚಿದವರು ಅದನ್ನು ಮತ್ತೆ ತೆರೆದದ್ದು 2022ರ ಜನವರಿಯಲ್ಲಿ. ಹವಳ ಚೇತರಿಸಿಕೊಂಡಿತು, ಶಾರ್ಕ್ ಮೀನುಗಳು ಮರಳಿದವು. ತಾತ್ಕಾಲಿಕ ಎಂಬ ಪದ ಎಷ್ಟು ಹಿಗ್ಗಬಲ್ಲದು ಎಂಬುದಕ್ಕೂ ಅದು ಸಾಕ್ಷಿಯಾಯಿತು.

ಈ ನೆಲಕ್ಕೂ ಇದು ಪರಕೀಯ ವಿಚಾರವಲ್ಲ. ಹೊಲವನ್ನು ಬೀಳು ಬಿಡುವುದು, ಗೋಮಾಳದಲ್ಲಿ ಹುಲ್ಲು ಬಲಿಯುವವರೆಗೆ ದನ ಬಿಡದಿರುವುದು, ಜಾತ್ರೆಗೆ ಮೊದಲು ಊರವರೆಲ್ಲ ಸೇರಿ ಗುಡಿಯ ದಾರಿಯ ಮುಳ್ಳು ಸವರಿ ಹಳ್ಳ ತುಂಬುವುದು, ಇವೆಲ್ಲ ಇದೇ ವಿವೇಕದ ರೂಪಗಳು.

ದುರಸ್ತಿ ಎಂದರೆ ಸಿಮೆಂಟು ಸುರಿಯುವುದಲ್ಲ

ದಾರಿ ಮುಚ್ಚಿದ ಮೇಲೆ ಒಳಗೆ ನಡೆಯುವ ಕೆಲಸ ಯಾವುದು ಎಂಬುದು ಮುಚ್ಚಿದಷ್ಟೇ ಮುಖ್ಯ. ಕಾಡಿನ ದಾರಿಗೆ ಕಾಂಕ್ರೀಟು ಹಾಕಿದರೆ ನೀರು ಅದರ ಮೇಲೆ ಇನ್ನಷ್ಟು ವೇಗವಾಗಿ ಜಾರಿ, ಅಂಚಿನ ಮಣ್ಣನ್ನು ಕೊರೆದು, ಕೆಲವೇ ಮಳೆಗಳಲ್ಲಿ ಚಪ್ಪಡಿಯ ಅಡಿಯನ್ನೇ ಟೊಳ್ಳು ಮಾಡುತ್ತದೆ. ಮಣ್ಣು ಸೇರಿಸದೆ ಹೊಂದಿಸಿ ಕಟ್ಟಿದ ಒಣಕಲ್ಲಿನ ಮೆಟ್ಟಿಲು ನೀರನ್ನು ಸಂದಿನಲ್ಲಿ ಇಳಿಯಗೊಡುತ್ತದೆ. ಕುಸಿದರೂ ಎರಡಾಳು ಸೇರಿ ಒಂದು ಬೆಳಿಗ್ಗೆಯಲ್ಲಿ ಸರಿಮಾಡಬಹುದು. ಹೊಲದ ಬದುವಿಗೆ ಕಲ್ಲು ಕಟ್ಟಿ ಬಲ್ಲ ಕೈಗಳು ಈ ಸೀಮೆಯ ಹಳ್ಳಿಹಳ್ಳಿಯಲ್ಲಿವೆ.

ಮಾಡಬೇಕಾದ ಕೆಲಸಗಳು ಸರಳ. ದಾರಿಯ ಮೈಯನ್ನು ಇಳಿಜಾರಿನ ಕಡೆಗೆ ತುಸುವೇ ವಾಲಿಸುವುದು. ಅಡ್ಡಗಾಲುವೆಗಳನ್ನು ಓರೆಯಾಗಿ ತೋಡಿ ಅವುಗಳ ಬಾಯಿಯನ್ನು ಹುಲ್ಲಿರುವ ಕಡೆಗೆ ಬಿಡುವುದು. ಒಳದಾರಿಗಳ ಎರಡೂ ತುದಿಗೆ ಮುಳ್ಳುಕಂಟಿ ಜಡಿದು, ಒಳಗೆ ತರಗೆಲೆ ಹರಡಿ, ಸ್ಥಳೀಯ ಹುಲ್ಲಿನ ಬೀಜ ಚೆಲ್ಲುವುದು. ಕಳೆಗಳನ್ನು ಬೀಜ ಕಟ್ಟುವ ಮೊದಲೇ ಬೇರುಸಹಿತ ಕೀಳುವುದು. ಮಾಡಬಾರದ ಕೆಲಸವೂ ಒಂದಿದೆ: ಹೊಳೆದಂಡೆಯಲ್ಲಿ ದಾರಿಯನ್ನು ಅಗಲ ಮಾಡಲೆಂದು ಮೇಲಿನ ಕೊಂಬೆಗಳನ್ನು ಕಡಿಯುವುದು. ಬೂದು ದೊಡ್ಡಳಿಲು ಕೊಂಬೆಯಿಂದ ಕೊಂಬೆಗೆ ದಾಟುತ್ತ ಬದುಕುವ ಪ್ರಾಣಿ. ಕೆಳಗಿನ ದಾರಿ ಅಗಲವಾದಂತೆ ಮೇಲಿನ ಅದರ ದಾರಿ ಕಡಿದುಹೋಗುತ್ತದೆ.

ಕಾನೂನು ಏನು ಹೇಳುತ್ತದೆ?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕಲಂ 27 ವನ್ಯಜೀವಿಧಾಮದ ಪ್ರವೇಶವನ್ನು ನಿರ್ಬಂಧಿಸುತ್ತದೆ. ಆದರೆ ಒಳಗೆ ವಾಸಿಸಲು ಅನುಮತಿಯುಳ್ಳವರಿಗೆ, ಅಲ್ಲಿ ಸ್ಥಿರಾಸ್ತಿಯ ಹಕ್ಕುಳ್ಳವರಿಗೆ, ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರಿಗೆ ಅದೇ ಕಲಂ ವಿನಾಯಿತಿಯನ್ನೂ ಕೊಡುತ್ತದೆ. ಪ್ರವಾಸಿಗರು ಕಲಂ 28ರ ಪ್ರಕಾರ ಅನುಮತಿ ಪಡೆದು ಬರುವವರು. 2002ರ ತಿದ್ದುಪಡಿಯಿಂದ ಸೇರಿದ ಕಲಂ 33-ಬಿ ಧಾಮಕ್ಕೊಂದು ಸಲಹಾ ಸಮಿತಿ ಇರಬೇಕೆಂದೂ ಅದರಲ್ಲಿ ಪಂಚಾಯತ್ ರಾಜ್ ಸಂಸ್ಥೆಗಳ ಮತ್ತು ಸ್ವಯಂಸೇವಾ ಸಂಸ್ಥೆಗಳ ಪ್ರತಿನಿಧಿಗಳಿರಬೇಕೆಂದೂ ಹೇಳುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆ ವನ್ಯಜೀವಿಧಾಮಗಳಿಗೂ ಅನ್ವಯಿಸುತ್ತದೆ. ಕಿರು ಅರಣ್ಯ ಉತ್ಪನ್ನಗಳ ಮೇಲೆ ಸೋಲಿಗರು, ಇರುಳಿಗರು ಮೊದಲಾದ ಸಮುದಾಯಗಳಿಗಿರುವ ಹಕ್ಕನ್ನು ಅದು ಮಾನ್ಯ ಮಾಡಿದೆ. ಕಾಡನ್ನೂ ವನ್ಯಜೀವಿಗಳನ್ನೂ ಕಾಪಾಡುವ ಅಧಿಕಾರವನ್ನು ಅದರ ಕಲಂ 5 ಹಕ್ಕುದಾರರಿಗೂ ಗ್ರಾಮಸಭೆಗೂ ಕೊಟ್ಟಿದೆ.

ಇದರ ತಾತ್ಪರ್ಯವಿಷ್ಟೆ. ಪ್ರವಾಸಿಗನ ಅನುಮತಿ ಮತ್ತು ಗ್ರಾಮವಾಸಿಯ ಹಕ್ಕು ಒಂದೇ ತೂಕದವಲ್ಲ. ಮೋಜಿನ ದಾರಿಯನ್ನು ಮುಚ್ಚುವ ಆದೇಶ, ಜೀವನೋಪಾಯದ ದಾರಿಯನ್ನೂ ಆಸ್ಪತ್ರೆಗೆ ಹೋಗುವ ದಾರಿಯನ್ನೂ ತಾನಾಗಿ ಮುಚ್ಚುವಂತಾಗಬಾರದು. ಗೇಟಿನಲ್ಲಿ ನಿಂತ ಕಾವಲುಗಾರನಿಗೆ ಈ ವ್ಯತ್ಯಾಸ ಲಿಖಿತವಾಗಿ ತಿಳಿದಿರಬೇಕು. ಅವನೂ ಕಡಿಮೆ ಸಂಬಳದ ಬಡವನೇ. ಅವನ ವಿವೇಚನೆಗೆ ಬಿಟ್ಟರೆ ಜಗಳ ಬಡವರಿಬ್ಬರ ನಡುವೆ ನಡೆಯುತ್ತದೆ.

ಮುಚ್ಚುವವರು ಒಪ್ಪಬೇಕಾದ ಷರತ್ತುಗಳು

ಕಾಡಂಚಿನ ಜನರ ಮನಸ್ಸಿನಲ್ಲಿ ಒಂದು ಸಂಶಯ ಬಲವಾಗಿದೆ. ಇಂದು ದುರಸ್ತಿಗೆಂದು ಮುಚ್ಚಿದ ದಾರಿ ನಾಳೆ ದುಡ್ಡಿದ್ದವರಿಗೆ ಮಾತ್ರ ತೆರೆಯುವುದೆ? ಈ ಸಂಶಯವನ್ನು ಅಜ್ಞಾನವೆಂದು ತಳ್ಳಿಹಾಕಲಾಗದು. ಅದನ್ನು ನಿವಾರಿಸುವ ದಾರಿ ಭಾಷಣವಲ್ಲ, ನಿಯಮ. ಆದುದರಿಂದ ಪ್ರತಿಯೊಂದು ತಾತ್ಕಾಲಿಕ ಮುಚ್ಚುಗಡೆಗೂ ಐದು ಷರತ್ತುಗಳಿರಬೇಕು.

ಒಂದು, ಒಂದು ತಿಂಗಳು ಮುಂಚಿತವಾಗಿ ಕನ್ನಡದಲ್ಲಿ ಫಲಕ. ಅದರಲ್ಲಿ ಕಾರಣ, ಆರಂಭದ ದಿನ, ತೆರೆಯುವ ದಿನ, ಕೆಲಸದ ವಿವರ, ಹೊಣೆಹೊತ್ತ ಅಧಿಕಾರಿಯ ಹುದ್ದೆ ಇರಬೇಕು. ದಿನ ಮುಂದೂಡಬೇಕಾದರೆ ಕಾರಣ ಸಹಿತ ಹೊಸ ಫಲಕ ಬೇಕು.

ಎರಡು, ಎಲ್ಲ ದಾರಿಗಳನ್ನೂ ಒಮ್ಮೆಲೇ ಮುಚ್ಚದೆ ಸರದಿಯಂತೆ ಮುಚ್ಚುವುದು. ಗದ್ದೆಗಳಿಗೆ ಸರದಿಯ ಮೇಲೆ ನೀರು ಬಿಡುವ ಊರಿಗೆ ಇದು ಅರ್ಥವಾಗುವ ಮಾತು. ವಾರದ ದಿನಗಳಲ್ಲಿ ಕೆಲಸ, ಜನ ಬರುವ ಶನಿವಾರ-ಭಾನುವಾರಗಳಲ್ಲಿ ಸುರಕ್ಷಿತವಾದ ಭಾಗವಷ್ಟೇ ತೆರೆದಿಡುವುದು. ಮುತ್ತತ್ತಿರಾಯನ ಭಕ್ತರಿಗೆ ಶನಿವಾರ ಮುಖ್ಯವೆಂಬುದನ್ನೂ ಈ ಲೆಕ್ಕದಲ್ಲಿ ಸೇರಿಸಬೇಕು.

ಮೂರು, ದುಡಿಮೆ ಕಳೆದುಕೊಳ್ಳುವವರಿಗೇ ದುರಸ್ತಿಯ ಕೂಲಿ. ತೆಪ್ಪ ನಡೆಸುವವನಿಗೂ ಎಳನೀರು ಮಾರುವವಳಿಗೂ ಆ ದಿನಗಳಲ್ಲಿ ಮೊದಲ ಅವಕಾಶ ಸಿಗಬೇಕು. ಪ್ರವಾಸಿಗರಿಂದ ಸಂಗ್ರಹವಾಗುವ ಶುಲ್ಕದ ಒಂದು ಪಾಲನ್ನು ಇದಕ್ಕೆಂದೇ ತೆಗೆದಿಟ್ಟರೆ ಮಣ್ಣಿನ ತಿಂಗಳು ಹೊಟ್ಟೆಯ ಶತ್ರುವಾಗಬೇಕಿಲ್ಲ.

ನಾಲ್ಕು, ಗ್ರಾಮಸಭೆಯ ಮುಂದೆ ಲೆಕ್ಕ. ತೆರೆಯುವ ಮೊದಲು ಎಷ್ಟು ಕಾಲುವೆ, ಎಷ್ಟು ಮೆಟ್ಟಿಲು, ಎಷ್ಟು ಆಳು, ಎಷ್ಟು ಹಣ ಎಂಬುದನ್ನು ಓದಿ ಹೇಳಬೇಕು.

ಐದು, ಅಳತೆ. ಈ ಕೆಲಸವನ್ನು ವಿದ್ಯಾರ್ಥಿಗಳೇ ಮಾಡಬಹುದು. ದಾರಿಯ ಎರಡೂ ಬದಿಗೆ ಗೂಟ ನೆಟ್ಟು ಅವುಗಳ ನಡುವೆ ದಾರವನ್ನು ಮಟ್ಟವಾಗಿ ಬಿಗಿದು ಕಟ್ಟಿ, ಹತ್ತು ಸೆಂಟಿಮೀಟರಿಗೊಮ್ಮೆ ದಾರದಿಂದ ನೆಲದವರೆಗಿನ ಆಳವನ್ನು ಅಳೆದು ಬರೆದಿಡಬೇಕು. ಮಳೆಗಾಲದ ನಂತರ ಅದೇ ಗೂಟಗಳ ನಡುವೆ ಮತ್ತೆ ಅಳೆದರೆ ಎಷ್ಟು ಮಣ್ಣು ಹೋಯಿತು, ಎಷ್ಟು ನಿಂತಿತು ಎಂಬುದು ಕಾಣುತ್ತದೆ. ಎರಡೂ ತುದಿ ಕತ್ತರಿಸಿದ ಡಬ್ಬಿಯೊಂದನ್ನು ನೆಲಕ್ಕೆ ತುಸು ಹೂತು, ಒಂದು ಲೀಟರ್ ನೀರು ಸುರಿದು, ಅದು ಇಂಗಲು ಹಿಡಿಯುವ ಹೊತ್ತನ್ನು ಗಡಿಯಾರ ನೋಡಿ ಬರೆಯಬೇಕು. ದಾರಿಯಲ್ಲಿ ಒಮ್ಮೆ, ಪಕ್ಕದ ಕಾಡಿನಲ್ಲಿ ಒಮ್ಮೆ ಇದನ್ನು ಮಾಡಿದರೆ ಯಾವ ಭಾಷಣಕ್ಕಿಂತಲೂ ಹೆಚ್ಚಿನ ಪಾಠ ದೊರೆಯುತ್ತದೆ. ಎರಡು-ಮೂರು ವರ್ಷಗಳ ಇಂಥ ಅಂಕಿಅಂಶ ಕೈಯಲ್ಲಿದ್ದರೆ ಯಾವ ದಾರಿಗೆ ಎಷ್ಟು ಬಿಡುವು ಬೇಕೆಂದು ಊರೇ ಹೇಳಬಲ್ಲದು. ಅಳತೆಗೂ ಕಾಡಿನೊಳಗೆ ಹೋಗಲು ಇಲಾಖೆಯ ಅನುಮತಿ ಮತ್ತು ಜೊತೆಗಾರರು ಬೇಕೆಂಬುದನ್ನು ಮರೆಯಬಾರದು.

ಊರವರು ಒಪ್ಪಬೇಕಾದ ಮಾತು

ಷರತ್ತುಗಳೆಲ್ಲ ಇಲಾಖೆಗೆ ಮಾತ್ರ ಎಂದು ತಿಳಿದರೆ ಅದು ಅರ್ಧಸತ್ಯವಾಗುತ್ತದೆ. ಮುಚ್ಚಿದ ದಾರಿಯ ಪಕ್ಕದಲ್ಲಿ ಕಳ್ಳದಾರಿ ತೋರಿಸಿ ನೂರಿನ್ನೂರು ರೂಪಾಯಿ ಪಡೆಯುವವರು ಹೊರಗಿನವರಲ್ಲ. ಫಲಕ ಕಿತ್ತು ಒಲೆಗೆ ಹಾಕುವವರೂ, ಹುಲ್ಲು ಚೆನ್ನಾಗಿ ಚಿಗುರಲೆಂದು ಬೇಸಗೆಯಲ್ಲಿ ಬೆಂಕಿ ಇಡುವವರೂ ಆಗಾಗ ಊರಿನವರೇ ಆಗಿರುತ್ತಾರೆ. ಹೊಸದಾಗಿ ಬಿತ್ತಿದ ಹುಲ್ಲು ಬೇರುಬಿಡುವ ಮೊದಲು ಅದರ ಮೇಲೆ ಹತ್ತು ಜನ ನಡೆದರೂ ಒಂದು ತಿಂಗಳ ಕೂಲಿ ವ್ಯರ್ಥ. ಗ್ರಾಮಸಭೆ ಹಕ್ಕನ್ನು ಕೇಳುವಾಗ ಕಾವಲಿನ ಭಾರವನ್ನೂ ಹೊರಬೇಕು. ಕಾನೂನು ಕೊಟ್ಟ ಅಧಿಕಾರ ಎರಡಕ್ಕೂ ಸೇರಿದ್ದು.

ಮಲೆನಾಡಿನ ಹಳ್ಳಿಗಳಿಗೂ ಬಯಲಿನ ಈ ಊರುಗಳಿಗೂ ಮಳೆ ಬೇರೆ, ಮಣ್ಣು ಬೇರೆ, ಕಾಡು ಬೇರೆ. ಆದರೆ ದಾರಿಯ ಪ್ರಶ್ನೆ ಒಂದೇ. ಮುಂದಿನ ಗ್ರಾಮಸಭೆಯಲ್ಲಿ ಪ್ರತಿ ಊರೂ ತನ್ನ ಕಾಡಿನ ಒಂದು ದಾರಿಯನ್ನು ಆರಿಸಿಕೊಳ್ಳಲಿ. ಅದರ ಮೇಲೆ ಯಾರು ನಡೆಯುತ್ತಾರೆ, ಎಲ್ಲಿ ಕೊರೆದಿದೆ, ಯಾವ ತಿಂಗಳು ಬಿಡುವು ಕೊಡಬಹುದು, ಆಗ ಯಾರ ದುಡಿಮೆ ನಿಲ್ಲುತ್ತದೆ ಎಂಬ ನಾಲ್ಕು ವಿವರಗಳನ್ನು ಒಂದು ಹಾಳೆಯಲ್ಲಿ ಬರೆದು ವಲಯ ಅರಣ್ಯಾಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆಯಲಿ. ವಿದ್ಯಾರ್ಥಿಗಳು ಒಂದು ಗೂಟದ ಜೋಡಿಯಿಂದ ಅಳತೆ ಆರಂಭಿಸಲಿ. ನಾಲೆ ಮುಚ್ಚುವ ದಿನವನ್ನು ಪ್ರಶ್ನಿಸಲು ಕಲಿತ ರೈತರಿಗೆ ಕಾಡುದಾರಿಯ ಬಿಡುವಿನ ದಿನವನ್ನು ನಿರ್ಧರಿಸುವುದರಲ್ಲಿ ಪಾಲು ಕೇಳುವುದು ಕಷ್ಟವಾಗಲಾರದು.